ವಯಸ್ಕರ ಪತ್ರಿಕೆ

ತಾಯಮ್ಮ ಬರೆದಿದ್ದ ವಂದನಾರ್ಪಣೆಯ ಚೀಟಿಯಲ್ಲಿ ಏಳನೆಯ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅದರ ಮೇಲೆ ಬೇರೆ ಸಾಲು ಬರೆದು, ಕನ್ನಡ ಸಂಘದ ಕಾರ್ಯದರ್ಶಿ ಬಸವಪ್ರಸಾದ್ ಅದನ್ನು ಓದಲೆಂದು ಅವಳ ಕೈಗಿತ್ತ. ಕಡಲಾಚೆಯ ಊರು ಮಾನ್ಮತ್ ಜಂಕ್ಷನ್‌ನ ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವ ಮುಗಿಯುವ ಹೊತ್ತು. ವೇದಿಕೆಯ ಮೇಲೆ ಅವಳ ಮಗಳು ಹಂಸಿನಿಗೆ ಶಾಲು ಹೊದಿಸುತ್ತಿದ್ದರು. ರಾರಿಟನ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನ ಹೆಂಗಸರ ತಂಡಕ್ಕೆ ಆಯ್ಕೆಯಾದ ಮೊದಲ ಕನ್ನಡದ ಹುಡುಗಿ. ತಾಯಮ್ಮ ಪರದೆಯ ಪಕ್ಕ ನಿಂತು ಚೀಟಿ ಓದಿದಳು. ‘ಕ್ಲಬ್ಬಿನ ಮಾಲೀಕರಾದ ಶ್ರೀ ದಿವಾಕರ’ ಎಂದಿದ್ದಲ್ಲಿ ಈಗ ‘ವಯಸ್ಕರ ಶಿಕ್ಷಣ ಕ್ಷೇತ್ರದ ಹಿತೈಷಿಯೊಬ್ಬರು’ ಎಂದಿತ್ತು.

“ಇದೇನ್ ಬರದೀಯಪಾ ತಮ್ಮಾ?”

“ನೀವೇ ಹೇಳ್ತಿದ್ರಲ್ಲಾ ಆಂಟಿ, ಕ್ರ್ಯಾನ್‌ಬರಿಯಲ್ಲಿ ವಯಸ್ಕರ ಪತ್ರಿಕೆ ಆಫೀಸಲ್ಲಿ ಕೆಲಸ ಅಂತ!” ಬಸವಪ್ರಸಾದ್ ನಗು ತಡೆದುಕೊಂಡ.

ಹೇಳಿದ್ದು ನಿಜ. ಮುಧೋಳದಲ್ಲಿ ವಯಸ್ಕರ ಶಿಕ್ಷಣದ ಶಾಲೆಯಲ್ಲಿ ಸ್ಲೇಟು ಹಿಡಿದು ಅಕ್ಷರ ಕಲಿತವಳು ತಾಯಮ್ಮ. ಇಲ್ಲಿ ಕೆಲಸ ಸಿಕ್ಕ ದಿನ ‘ಅಡಲ್ಟ್ ಮ್ಯಾಗಝಿನ್’ ಎಂದದ್ದು ಕೇಳಿ, ಅಂಥದ್ದೇ ಇನ್ನೊಂದು ಪುಣ್ಯದ ಕೆಲಸ ಅಂದುಕೊಂಡು, ಗುಡಿಯಲ್ಲಿ ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಸಾರಿದ್ದಳು. ಮೂರನೆಯ ದಿನ ಒಂದು ರಟ್ಟಿನ ಡಬ್ಬ ಹರಿದು ಪುಸ್ತಕಗಳು ನೆಲಕ್ಕೆ ಸುರಿದಾಗ ಅದು ಎಂಥ ಪತ್ರಿಕೆಯೆಂದು ಗೊತ್ತಾಯಿತು. ಅಷ್ಟರಲ್ಲಿ ಗುಡಿಯವರಿಗೂ ಗೊತ್ತಾಗಿತ್ತು.

“ದಿವಾಕರ ಅವರು ಬಂದಾರ. ಹಿಂದಿನ ಸಾಲಿನ್ಯಾಗ ಕುಂತಾರ.”

“ನೋಡ್ದೆ. ಯಾರೂ ಕರ್ದಿಲ್ಲ ಅವರನ್ನ. ಆ ಪತ್ರಿಕೆಯ ಕೊಳಕು ದುಡ್ಡಲ್ಲಿ ಕ್ಲಬ್ ಕೊಂಡ್ಕೊಂಡ್ರು ಅಂತ ಪೇಪರಲ್ಲೆಲ್ಲಾ ಬಂದು, ಕೋರ್ಟ್ ತನಕ ಹೋಗಿತ್ತು ಆಂಟಿ. ಇದು ಫ್ಯಾಮಿಲಿ ಆಡಿಯೆನ್ಸ್.”

“ಆ ಪುಸ್ತಕಕ್ಕ ಅಡ್ರೆಸ್ ಚೀಟಿ ಹಚ್ಚಾಕಿ ನಾನ ಇದ್ದೆ. ಯಾವ್ಯಾವ ಫ್ಯಾಮಿಲಿ ಅಂತ ನನ್ನ ಕೇಳಬ್ಯಾಡ.”

ಬಸವಪ್ರಸಾದನ ನಗು ಹೋಯಿತು. ದನಿ ತಗ್ಗಿಸಿ ಹೇಳಿದ: “ಸಮ್ಮರ್‌ನಲ್ಲಿ ಹಂಸಿನಿ ಕೋಚಿಂಗ್ ಕ್ಯಾಂಪಿಗೆ ನಲವತ್ತು ಮಕ್ಕಳು ಸೈನ್ ಅಪ್ ಮಾಡಿದಾರೆ. ಆ ಹೆಸರು ಮೈಕಲ್ಲಿ ಬಂದ್ರೆ ಒಬ್ಬ ಪೇರೆಂಟೂ ಕಳಿಸಲ್ಲ. ಯೋಚ್ನೆ ಮಾಡಿ.”

ಹಂಸಿನಿ ಶಾಲು ಮಡಚಿಕೊಳ್ಳುತ್ತ ಪರದೆಯ ಹಿಂದೆ ಬಂದಳು. ಚೀಟಿಯ ಕನ್ನಡ ಓದಲು ಅವಳಿಗೆ ಬರುತ್ತಿರಲಿಲ್ಲ. ತಾಯಿಯ ಮುಖ ಓದಿದಳು. ತಾಯಮ್ಮ ನಾಲ್ಕು ಮಾತಿನಲ್ಲಿ ಹೇಳಿದಳು.

“ಇಟ್ಸ್ ಮೈ ಕ್ಯಾಂಪ್, ಅಮ್ಮಾ,” ಎಂದಳು ಹಂಸಿನಿ. “ಯು ಸೇ ಹಿಸ್ ನೇಮ್.”

ವಂದನಾರ್ಪಣೆಯನ್ನು ಯಾವ ಸಂಘದಲ್ಲೂ ಯಾರೂ ಕೇಳುವುದಿಲ್ಲ. ಬಿಸಿಬೇಳೆಬಾತಿನ ವಾಸನೆಗೆ ಅರ್ಧ ಸಭಾಂಗಣ ಆಗಲೇ ಎದ್ದಿತ್ತು. ತಾಯಮ್ಮ ಶಾಲೆಯವರಿಗೆ, ಅಡುಗೆಯವರಿಗೆ, ಧ್ವನಿವರ್ಧಕದವರಿಗೆ ಅಚ್ಚುಕಟ್ಟಾಗಿ ವಂದನೆ ಓದುತ್ತ ಹೋಗಿ, ಏಳನೆಯ ಸಾಲಿಗೆ ನಿಂತಳು. ಚೀಟಿ ಮಡಚಿದಳು.

“ವಯಸ್ಕರ ಶಿಕ್ಷಣ ಅಂತ ಬರದಾರ. ಸುಳ್ಳ್ರೀ. ಬತ್ತಲಿ ಹೆಣ್ಮಕ್ಕಳ ಫೋಟೋ ಹಾಕೂ ಪುಸ್ತಕ. ಹನ್ನೊಂದು ವರ್ಷ ನಾ ಅದನ್ನ ಕರೀ ಪ್ಲಾಸ್ಟಿಕ್‌ನ್ಯಾಗ ಸುತ್ತೀನಿ. ಮಾಲಕರು ಈ ದಿವಾಕರ ಅವರ. ಗಂಡ ಬಿಟ್ಟು ಹ್ವಾದ ಮ್ಯಾಲೆ, ಇಂಗ್ಲಿಷ್ ಬರದಾಕಿಗೆ ಕೆಲಸ ಕೊಟ್ಟವರು ಅವರೊಬ್ಬರ.”

ಎದ್ದವರು ಎದ್ದಲ್ಲೇ ನಿಂತರು. ಎರಡನೆಯ ಸಾಲಿನಲ್ಲಿ ಒಬ್ಬಾಕೆ ಮಗನ ಕೈ ಹಿಡಿದೆಳೆದುಕೊಂಡು ಹೊರನಡೆದಳು. ತಾಯಮ್ಮ ಅವಳು ಬಾಗಿಲು ದಾಟುವವರೆಗೂ ನೋಡಿದಳು.

“ಸಾಲಿ ಸೂಟಿ ಇದ್ದಾಗ ಮಕ್ಕಳನ್ನ ಗೋಡೌನ್‌ಗೆ ಕರಕೊಂಡು ಬರ್ತಿದ್ವಿ, ಬ್ಯಾರೆ ದಿಕ್ಕಿರಲಿಲ್ಲ. ಇದು ಮಕ್ಕಳು ನೋಡೂ ಜಾಗ ಅಲ್ಲ ಅಂದ್ರು ಅವರು. ಅಂದು ಸುಮ್ಮನಾಗಲಿಲ್ಲ. ಕ್ಲಬ್ ಕೊಂಡ ವರ್ಷನ ವ್ಯಾನ್ ಮಾಡಿ ನಮ್ಮ ಮಕ್ಕಳನ್ನೆಲ್ಲಾ ಮೈದಾನಕ್ಕ ಕಳಿಸಿದ್ರು. ಬೂಟು ಕೊಡಿಸಿದ್ರು, ಆಟ ಕಲಿಸಾಕ ಒಬ್ಬ ಟೀಚರ್‌ ಬಾಯಾರನ್ನ ಇಟ್ರು. ಹೆಸರು ತೊಳಕೊಳ್ಳಾಕ ಮಾಡ್ಯಾರ ಅಂತೀರಿ. ಇರಬಹುದು. ತೊಳದ ನೀರು ನನ್ನ ಗಿಡಕ್ಕ ಹರೀತು. ದಿವಾಕರ ಅವರ, ನಿಮಗ ಶರಣು.”

ಹಿಂದಿನ ಸಾಲಿನಲ್ಲಿ ಎಪ್ಪತ್ತು ದಾಟಿದ ದಿವಾಕರ ಎದ್ದು ನಿಂತು ಕೈ ಮುಗಿದ. ಪರದೆಯ ಪಕ್ಕದಿಂದ ಹಂಸಿನಿ ಶಿಳ್ಳೆ ಹೊಡೆದಳು. ಅಲ್ಲೊಂದು ಇಲ್ಲೊಂದು ಚಪ್ಪಾಳೆ ಬಿತ್ತು. ಬಸವಪ್ರಸಾದ್ ಮೈಕಿನ ಕಡೆ ಕೈ ಚಾಚಿದ.

“ತಡಿ ತಮ್ಮಾ, ಇನ್ನೊಂದು ಸಾಲು ಐತಿ. ಇದನ್ನ ನಾನೂ ಬರದಿರಲಿಲ್ಲ.” ತಾಯಮ್ಮನ ದನಿ ಸಣ್ಣಗಾಯಿತು. “ಆ ಪುಸ್ತಕದಾಗಿನ ಹೆಣ್ಮಕ್ಕಳು. ಅವರ ಮೈ ಮಾರಿ ನನ್ನ ಮಗಳಿಗೆ ಬೂಟು ಬಂತು. ಅವರೂ ಯಾರೋ ಹಡದ ಮಕ್ಕಳ. ಅವರಿಗೂ ಇಲ್ಲಿ ನಿಂತು ವಂದನೆ ಹೇಳಬೇಕು ನಾನು. ಆದ್ರ ಪುಸ್ತಕದಾಗ ಹಾಕಿದ್ದೆಲ್ಲಾ ಸುಳ್ಳ ಹೆಸರು. ಮಾಲಕರ, ಅವರ ಖರೇ ಹೆಸರು ಒಂದರ ನಿಮಗ ನೆನಪಿದ್ರ ಹೇಳ್ರಿ.”

ಎಲ್ಲರೂ ಹಿಂದಿನ ಸಾಲಿನತ್ತ ತಿರುಗಿದರು. ದಿವಾಕರ ಮುಗಿದ ಕೈಯಲ್ಲೇ ನಿಂತಿದ್ದ, ಅದನ್ನು ಬಿಡಿಸುವುದು ಹೇಗೆಂದು ಮರೆತವನಂತೆ.