ಬಿದ್ದದ್ದು ಒಂದು ಓಟು

"ನಿಜ ಹೇಳ್ಲಾ ದಿಲೀಪ. ಯಾವ್ದು ಒತ್ತಿದ್ದೆ?"

ಕಾಂತರಾಜು ಅವನ ಕಾಲರಿಗೇ ಕೈ ಹಾಕಿದ್ದ. ಹಾಸನದ ಎಣಿಕೆ ಕೇಂದ್ರದಿಂದ ನೇರ ಬಂದವನು ಕಾಲಿನ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ರೂಪಶ್ರೀಯ ಮನೆಯ ಜಗಲಿಯೇ ಆ ಊರಿನಲ್ಲಿ ಹೊಸ ಪಕ್ಷದ ಕಚೇರಿ. ಪಕ್ಷವೆಂದರೆ ಈ ಮೂವರೇ. ಊರಿನ ಮತಗಟ್ಟೆಯಲ್ಲಿ ಪಕ್ಷಕ್ಕೆ ಬಿದ್ದದ್ದು ಒಂದು ಓಟು. ಉಳಿದವೆಲ್ಲ ಹೆಚ್ಚೂಕಮ್ಮಿ ಊರ ಹಿರಿಯ ರಾಮಣ್ಣನವರ ಪಕ್ಷಕ್ಕೆ.

ದಿಲೀಪ್ ಕೊಸರಿಕೊಂಡು, ಆ ಒಂದು ತನ್ನದೆಂದು ತಾಯಿಯ ಮೇಲೆ ಆಣೆ ಇಟ್ಟ. ಕಾಂತರಾಜು ಮನೆದೇವರ ಮೇಲೆ ಇಟ್ಟ. ಒಂದು ಓಟಿಗೆ ಇಬ್ಬರು ಒಡೆಯರು.

ರೂಪಶ್ರೀ ಕಂಬಕ್ಕೆ ಒರಗಿ ನಿಂತಿದ್ದಳು. ಅವಳಿಗೆ ಮಾತು ಕಡಿಮೆ. ಹೇಮಗಂಗೋತ್ರಿಯಲ್ಲಿ ಎಂ.ಎ. ಓದಿದ ಹುಡುಗಿ ಮೊದಲು ಹೀಗಿರಲಿಲ್ಲ ಎಂದು ಊರು ಹೇಳುತ್ತಿತ್ತು. ಹೋದ ವರ್ಷ ಅವಳ ಗಂಡ ಮೋಹನ್‌ಕುಮಾರ್ ಡೈರಿಗೆ ಹಾಲು ಹಾಕಿ ಬರುವಾಗ, ಶಾಂತಿಗ್ರಾಮದ ಕಡೆಯ ಹೆದ್ದಾರಿ ದಾಟುತ್ತ ಲಾರಿಗೆ ಸಿಕ್ಕ. ಅಲ್ಲಿ ಸತ್ತವರಲ್ಲಿ ಅವನು ಮೊದಲಿನವನೇನೂ ಆಗಿರಲಿಲ್ಲ. ದೊಡ್ಡ ಪಕ್ಷಗಳು ಚುನಾವಣೆಗೊಮ್ಮೆ ಅಂಡರ್‌ಪಾಸಿನ ಮಾತು ತೆಗೆದು, ಮುಗಿದ ಮೇಲೆ ಮರೆಯುತ್ತಿದ್ದವು. ಹೊಸ ಪಕ್ಷ ಅದನ್ನು ಕರಪತ್ರದಲ್ಲಿ ಮೊದಲ ಸಾಲಾಗಿ ಅಚ್ಚು ಹಾಕಿಸಿತ್ತು. ಆ ಒಂದು ಸಾಲಿಗಾಗಿ ರೂಪಶ್ರೀ ಮನೆಯಿಂದ ಹೊರಗೆ ಕಾಲಿಟ್ಟಿದ್ದಳು.

ಮನೆಮನೆಗೂ ಹೋದಳು. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು. ನಿಂಗಲ್ದೆ ಇನ್ಯಾರಿಗವ್ವ ಎಂದರು. ಕರಪತ್ರವನ್ನು ಮಡಚಿ ಲೋಟದಡಿ ಇಟ್ಟರು. ಕೊನೆಯ ಸಾಲಿನವರೆಗೂ ಓದಿದವರು ರಾಮಣ್ಣ ಒಬ್ಬರೇ. ಕನ್ನಡಕ ಹಾಕಿಕೊಂಡು, ನಿಧಾನವಾಗಿ.

"ಕಟ್ತಾರೇನವ್ವ ಇವರು?"

"ಗೆದ್ದರೆ ಕಟ್ತಾರೆ ಮಾವ."

"ಗೆಲ್ಲಕ್ಕಿಲ್ಲ," ಎಂದು ಕಾಗದವನ್ನು ಜೇಬಿಗಿಟ್ಟುಕೊಂಡಿದ್ದರು. ಗೇಲಿ ಮಾಡಿದರೆಂದು ಅವಳಿಗೆ ದಾರಿಯುದ್ದಕ್ಕೂ ಉರಿದಿತ್ತು.

ರಾಮಣ್ಣ ಕೆಟ್ಟವರಾಗಿದ್ದರೆ ಎಲ್ಲ ಸುಲಭವಿತ್ತು. ಅವರ ಬಳಿ ಒಂದು ಫೋನಿತ್ತು. ಅದನ್ನು ಅವರು ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆ, ವಿಧವೆಯ ಪಿಂಚಣಿ, ಮಗನ ವರ್ಗಾವಣೆ, ಎಲ್ಲಕ್ಕೂ ಅವರದೊಂದು ಕರೆ. ಮೋಹನ್ ಸತ್ತ ದಿನ ಹೊತ್ತು ಇಳಿಯುತ್ತಿತ್ತು. ಹೊತ್ತು ಮುಳುಗಿದರೆ ಪೋಸ್ಟ್‌ಮಾರ್ಟಂ ಇಲ್ಲ, ನಾಳೆ ಬನ್ನಿ ಎಂದಿದ್ದರು ಆಸ್ಪತ್ರೆಯವರು. ರಾಮಣ್ಣ ಫೋನ್ ಮಾಡಿದರು. ದೇಹ ಬೆಳಕಿರುವಾಗಲೇ ಊರಿಗೆ ಬಂತು, ಅವನ ಅಪ್ಪನ ಸಮಾಧಿಯ ಪಕ್ಕದಲ್ಲಿ ಹೊಲದ ಮಣ್ಣು ಸೇರಿತು. ಅದಕ್ಕಾಗಿ ಅವರು ಏನನ್ನೂ ಕೇಳಲಿಲ್ಲ. ಓಟನ್ನಂತೂ ಯಾರ ಹತ್ತಿರವೂ ಕೇಳಿದವರೇ ಅಲ್ಲ.

ಮತದಾನದ ದಿನ ಯಂತ್ರದ ಮುಂದೆ ರೂಪಶ್ರೀ ನಿಂತ ಹೊತ್ತು ಹೆಚ್ಚಾಯಿತೆಂದು ಅಧಿಕಾರಿ ಕೆಮ್ಮಿದ್ದರು.

ಜಗಲಿಯಲ್ಲಿ ಈಗ ದಿಲೀಪನ ಅಂಗಿಯ ಗುಂಡಿ ಕಿತ್ತು ಬಂತು.

"ಬಿಡಿ ಅವನನ್ನ," ಎಂದಳು ರೂಪಶ್ರೀ. "ಆ ಓಟು ನಂದು."

ಕಾಂತರಾಜುವಿನ ಕೈ ಸಡಿಲವಾಯಿತು. ಇಬ್ಬರೂ ಅವಳ ಬರಿಗೊರಳನ್ನು ನೋಡಿ ತಲೆ ತಗ್ಗಿಸಿದರು. ಅವಳ ಮಾತಿಗೆ ಆಣೆ ಬೇಕಿರಲಿಲ್ಲ.

ಮೊದಲು ಅತ್ತವನು ದಿಲೀಪ್. ಅವನ ಅಪ್ಪನಿಗೆ ವಾರವಾರ ಡಯಾಲಿಸಿಸ್. ಸರದಿ ಸಿಕ್ಕಿದ್ದು ರಾಮಣ್ಣನವರಿಂದ. "ಬೆಟ್ಟು ನಮ್ ಗುಂಡಿ ಮ್ಯಾಲೇ ಇಟ್ಟಿದ್ದೆ ಕಣಕ್ಕ. ಅಪ್ಪನ ಮಖ ಕಣ್ಮುಂದೆ ಬಂದ್ಬುಡ್ತು."

ಕಾಂತರಾಜು ಗೋಡೆಗೊರಗಿ ಕುಸಿದು ಕೂತ. ಡೈರಿಯಲ್ಲಿ ತನಗೆ ಕೆಲಸ ಕೊಡಿಸಿದ್ದು ಯಾರೆಂದು ಅವನು ಹೇಳಬೇಕಾಗಿರಲಿಲ್ಲ.

"ಮೀಸೆ ಹೊತ್ಕೊಂಡು ಬದಲಾವಣೆ ಬದಲಾವಣೆ ಅಂತ ಮೈಕ್‌ನಲ್ಲಿ ಬಡ್ಕೊಂಡೋನು ನಾನು," ಎಂದ. "ಈ ಊರಿಗೆ ಗಂಡ್ಸು ಅಂದ್ರೆ ನೀನೊಬ್ಳೇ ಕಣಕ್ಕ."

ಪಕ್ಷದ ಬಾವುಟ ಕೆಳಗಿಳಿಸುವುದು ಬೇಡವೆಂದು ಅಲ್ಲೇ ತೀರ್ಮಾನವಾಯಿತು. ಒಂದು ನಿಜವಾದ ಓಟಿದ್ದರೆ ಅದನ್ನೇ ಬೀಜ ಮಾಡಿಕೊಳ್ಳಬಹುದು ಎಂದ ದಿಲೀಪ್. ಬರುವ ಪಂಚಾಯಿತಿ ಚುನಾವಣೆಗೆ ರೂಪಕ್ಕನೇ ನಿಲ್ಲಬೇಕು. ಅವಳು ಒಪ್ಪದಿದ್ದರೆ ಪಕ್ಷ ಇವತ್ತಿಗೆ ಮುಗಿಯಿತು. ಅವಳು ನೆಲ ನೋಡುತ್ತ ತಲೆಯಾಡಿಸಿದಳು. ಗಂಡ ಹೋದಾಗಿನಿಂದ ಯಾರೂ ಅವಳನ್ನು ಅಯ್ಯೋ ಪಾಪ ಎನ್ನದ ಕಣ್ಣಿಂದ ನೋಡಿರಲಿಲ್ಲ. ಇವರಿಬ್ಬರು ನೋಡುತ್ತಿದ್ದರು. ಆ ನೋಟ ಹಾಗೇ ಇರಲಿ ಎಂದಷ್ಟೇ ಅವಳ ಆಸೆ.

ಗೆದ್ದವರು ಸೋತವರ ಮನೆಗೂ ಸಿಹಿ ಮುಟ್ಟಿಸುವುದು ಆ ಊರಿನ ಪದ್ಧತಿ. ದಿಲೀಪ, ಕಾಂತರಾಜು ಹೋದ ಮೇಲೆ, ಸಂಜೆಗೆ ಮುಂಚೆ ರಾಮಣ್ಣ ತಾವೇ ಮೈಸೂರುಪಾಕಿನ ಡಬ್ಬ ಹಿಡಿದು ಬಂದರು. ಸುದ್ದಿ ಅವರಿಗಿಂತ ಮೊದಲೇ ಊರು ಸುತ್ತಿತ್ತು. ಜಗಲಿಯ ತುದಿಯಲ್ಲಿ ಕೂತು, ಅವಳು ತಂದ ನೀರು ಕುಡಿದು, ಚೊಂಬನ್ನು ಪಕ್ಕಕ್ಕಿಟ್ಟರು.

"ಆ ಓಟು ನಿಂದೇ ಅಂದ್ಯಂತೆ."

"ಹೂಂ ಮಾವ. ಅವತ್ತು ನೀವು ಮಾಡಿದ್ದನ್ನ ಮರೆತಿಲ್ಲ. ಆದರೂ ನಮ್ಮ ಪಕ್ಷಕ್ಕೇ ಹಾಕ್ದೆ."

ಅವರು ಸಿಟ್ಟಾಗುತ್ತಾರೆಂದು ಕಾದಳು. ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು. ರಾಮಣ್ಣ ಬೀದಿಯ ಕಡೆ ನೋಡಿದರು. ಬೀದಿಯಲ್ಲಿ ಯಾರೂ ಇರಲಿಲ್ಲ.

"ಪಂಚಾಯ್ತಿಗೆ ನಿಂತ್ಕೊ ಮಗ. ಒಳ್ಳೇದೇ. ನಾನಂತೂ ಬಾಯಿ ಬುಡಕ್ಕಿಲ್ಲ."

"ಏನಂತ ಬಾಯಿ ಬಿಡ್ತೀರಿ?"

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಅವಳ ತಲೆ ನೇವರಿಸುವಂತೆ ಕೈ ಎತ್ತಿದವರು ಅರ್ಧಕ್ಕೇ ಇಳಿಸಿದರು.

"ಆ ಓಟು ನಂದು ಕಣವ್ವ. ಈ ಊರ್ನಲ್ಲಿ ನನ್ನ ಹಂಗಿಲ್ದೋನು ನಾನೊಬ್ನೇ ಅಲ್ವಾ?"