ಕೂಡದ ನಿಯಮಗಳು

ಗಾಜಿನ ಗೋಡೆಯಾಚೆ ಎಂಜಿನಿಯರ್ ಎರಡು ಸಾಲು ಟೈಪು ಮಾಡಿ ಕುರ್ಚಿಗೆ ಒರಗಿದಳು. ಈಚೆಯ ಪರದೆಯ ಮೇಲೆ ಹಸಿರಾಗಿದ್ದ ಗೆರೆ ತಕ್ಷಣ ಕೆಂಪಾಯಿತು. ಪರೀಕ್ಷೆಗಿಟ್ಟ ಜಾಲದ ಮಾದರಿ ಮತ್ತೆ ಕೆಟ್ಟಿತ್ತು.

ಅಂತೂ ಕಳ್ಳಿ ಸಿಕ್ಕಿಬಿದ್ದಳು. ಆದರೆ ಈಚೆ ಕೂತು ನೋಡುತ್ತಿದ್ದ ವಿನ್ಯಾಸಕಿಗೆ ಸಮಾಧಾನವಾಗಲಿಲ್ಲ. 

ಇಂಟರ್ನೆಟ್ ಕಂಪನಿಗಳ ಜಾಲಗಳೆಲ್ಲ ಒಂದೇ ಕಟ್ಟಡದಲ್ಲಿ ಸೇರಿ, ಮಾಹಿತಿಯನ್ನು ನೇರವಾಗಿ ಕೊಟ್ಟು ತೆಗೆದುಕೊಳ್ಳುವ ಕೇಂದ್ರವೊಂದನ್ನು ರೂಪಿಸುವುದು ಅವಳ ಕೆಲಸ. ವಿಡಿಯೊ ಯಾವ ದಾರಿ ಹಿಡಿಯಬೇಕು, ಉಳಿದದ್ದು ಯಾವ ದಾರಿ ಎಂದು ಪ್ರತಿ ಕಂಪನಿಯೂ ತಾನು ಕೂತಲ್ಲಿಂದಲೇ ನಿಯಮ ಬರೆದು ಕಳಿಸಬಹುದು. ಕೇಂದ್ರದ ತಂತ್ರಾಂಶ ಎಲ್ಲರ ನಿಯಮಗಳನ್ನೂ ಹೊಂದಿಸಿಕೊಂಡು ಹೋಗುತ್ತದೆ. ಒಬ್ಬರ ನಿಯಮ ಇನ್ನೊಬ್ಬರದಕ್ಕೆ ಅಡ್ಡ ಬಂದರೆ ಮಾತ್ರ ಮಾಹಿತಿ ನಡುದಾರಿಯಲ್ಲೇ ಬಿದ್ದುಹೋಗುತ್ತದೆ. ನಿಜವಾದ ಕೇಂದ್ರ ಕಟ್ಟುವ ಮೊದಲು, ಒಂದು ಕೋಣೆಯಲ್ಲಿ ಕೆಲವು ಪೆಟ್ಟಿಗೆಗಳನ್ನು ಜೋಡಿಸಿ ಪುಟ್ಟ ಮಾದರಿ ಮಾಡಿಟ್ಟಿದ್ದಳು. ಪರೀಕ್ಷೆಗೆ ಒಪ್ಪಿದ್ದು ಎರಡೇ ಕಂಪನಿಗಳು. ಅವೋ, ಹಾವು ಮುಂಗುಸಿ.

ದೊಡ್ಡ ಕಂಪನಿಯ ಪರವಾಗಿ ಬರುತ್ತಿದ್ದವಳು ಈ ಎಂಜಿನಿಯರ್. ಚಿಕ್ಕ ಕಂಪನಿಯಿಂದ ಪ್ರತಿ ಗುರುವಾರ ಅದರ ಯಜಮಾನರೇ ಬರುತ್ತಿದ್ದರು. ವಯಸ್ಸಾದವರು, ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವವರು. ಆಫೀಸಿನಿಂದಲೇ ನಿಯಮ ಕಳಿಸಿದರೆ ಸಾಕು ಎಂದು ವಿನ್ಯಾಸಕಿ ಹೇಳಿ ಹೇಳಿ ಸೋತಿದ್ದಳು. ಎದುರಿನವರು ಏನು ಮಾಡುತ್ತಾರೆಂದು ಕಣ್ಣಾರೆ ನೋಡಬೇಕು ಎನ್ನುವುದು ಅವರ ಹಟ. ಮಾದರಿ ಕೆಟ್ಟಾಗಲೆಲ್ಲ ಎಂಜಿನಿಯರಳನ್ನು ಎದುರು ಕೂರಿಸಿಕೊಂಡು, ಕೇಳಿದ್ದನ್ನೇ ಕೇಳಿ ಮಧ್ಯಾಹ್ನವಿಡೀ ಕಳೆಯುತ್ತಿದ್ದರು. ಅವಳೇನೂ ಕಡಿಮೆಯಿರಲಿಲ್ಲ. ಅವರು ಬರುವ ಹೊತ್ತಿಗೆ ಸರಿಯಾಗಿ ಎದ್ದು ಕೋಣೆಯ ಏಸಿ ಆರಿಸಿಬಿಡುತ್ತಿದ್ದಳು. ಮುದುಕರ ಬೆವರಿಳಿಸುವ ಉಪಾಯ ಎಂದುಕೊಂಡಿದ್ದಳು ವಿನ್ಯಾಸಕಿ. ಇಬ್ಬರೂ ‘ನೀವು’, ‘ತಾವು’ ಎಂದೇ ಜಗಳವಾಡುತ್ತಿದ್ದರು. ಮುಖ ಮಾತ್ರ ನೋಡುತ್ತಿರಲಿಲ್ಲ.

ತಿಂಗಳ ಕೊನೆಗೆ ನಿರ್ದೇಶಕರು ಬಂದು ನೋಡುವವರಿದ್ದರು. ಮಾದರಿ ನಡೆಯದಿದ್ದರೆ ಯೋಜನೆಗೆ ಬೀಗ. ತಂಡದವರೆಲ್ಲ ಬೇರೆ ಕೆಲಸ ಹುಡುಕಿಕೊಳ್ಳಬೇಕು. ಈ ಮಾತನ್ನು ವಿನ್ಯಾಸಕಿ ಮನೆಯಲ್ಲಿ ಗಂಡನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. 

ಆ ದಿನ ಯಜಮಾನರು ಗೊಣಗುತ್ತ ಹೊರಟುಹೋದ ಮೇಲೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಕೆಡಿಸ್ತಾ ಇರೋದು ನೀವೇ. ನಾನು ನೋಡಿದೆ.”

ಎಂಜಿನಿಯರ್ ಅಲ್ಲಗಳೆಯಲಿಲ್ಲ. ಕಂಪನಿಯವರು ಹೇಳಿ ಮಾಡಿಸುತ್ತಿದ್ದಾರೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದಳು. ಮೇಜಿನ ಅಂಚನ್ನು ಉಜ್ಜುತ್ತ, “ಅವರು ನಮ್ಮಪ್ಪ,” ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಕೆಲಸ ಕಲಿತದ್ದು ಅಪ್ಪನ ಕಂಪನಿಯಲ್ಲೇ. ಅದನ್ನು ಬಿಟ್ಟು ದೊಡ್ಡ ಕಂಪನಿ ಸೇರಿದಾಗ ಅರ್ಧಕ್ಕರ್ಧ ಗಿರಾಕಿಗಳು ಅವಳ ಹಿಂದೆಯೇ ಹೋದರು. ಅಂದು ಮಗಳ ಜೊತೆ ಮಾತು ಬಿಟ್ಟವರು ಅವರು. ಅಮ್ಮ ತೀರಿಕೊಂಡ ದಿನವೂ ಬಂದವರನ್ನೆಲ್ಲ ಮಾತಾಡಿಸಿದರು, ಅವಳನ್ನೊಬ್ಬಳನ್ನು ಬಿಟ್ಟು. ಈ ಪರೀಕ್ಷೆಯಲ್ಲಿ ಅಪ್ಪನ ಕಂಪನಿಯೂ ಇದೆಯೆಂದು ತಿಳಿದು, ತನ್ನನ್ನೇ ಕಳಿಸಿ ಎಂದು ಮೇಲಿನವರಿಗೆ ದುಂಬಾಲು ಬಿದ್ದು ಬಂದಿದ್ದಳು. ಏಸಿಯ ಗಾಳಿ ಅವರ ಎದೆಗೆ ಆಗುತ್ತಿರಲಿಲ್ಲವಂತೆ.

“ಕೆಟ್ಟರೆ ತಾನೇ ಅವರು ನನ್ನನ್ನ ಕೇಳೋದು?” ಎಂದಳು. “ಬೈದರೂ ಸರಿ. ನನ್ನ ಹತ್ತಿರ ಮಾತಾಡ್ತಾರಲ್ಲ.”

ಬೈಯಬೇಕೆಂದು ಕೂಡಿಟ್ಟಿದ್ದ ಮಾತನ್ನೆಲ್ಲ ವಿನ್ಯಾಸಕಿ ಅಲ್ಲೇ ಬಿಟ್ಟಳು. ತನ್ನ ತಂಡದ ಪಾಡನ್ನಷ್ಟೇ ಹೇಳಿದಳು. ಇನ್ನೊಬ್ಬರ ಅನ್ನಕ್ಕೆ ಕಲ್ಲು ಬೀಳುವ ವಿಷಯ ಎಂಜಿನಿಯರಳಿಗೆ ಗೊತ್ತಿರಲಿಲ್ಲ.  ತಾನು ಬರೆದ ಸೊಟ್ಟ ನಿಯಮಗಳನ್ನೆಲ್ಲ ಅಲ್ಲೇ ಕೂತು ಒಂದೊಂದಾಗಿ ಅಳಿಸಿದಳು. ಅಪ್ಪನಿಗೆ ಮಾತ್ರ ತಿಳಿಸಬೇಡಿ ಎಂದು ಕೇಳಿಕೊಂಡಳು.

ಮಾರನೆಯ ದಿನದಿಂದ ಮಾದರಿ ಎಲ್ಲೂ ತಡೆಯಿಲ್ಲದೆ ಓಡಿತು. ವಿನ್ಯಾಸಕಿಗೆ ಹೋದ ಜೀವ ಬಂದಂತಾಯಿತು. ಆದರೂ ಗುರುವಾರ ಯಜಮಾನರು ಮೆಟ್ಟಿಲು ಹತ್ತಿ ಬರುವ ಸದ್ದು ಅವಳ ಮನಸ್ಸನ್ನು ಹಿಂಡಿತು.

ಅವರು ಬಂದು ತಮ್ಮ ಕೀಬೋರ್ಡಿನ ಮುಂದೆ ಕೂತರು. ಹಸಿರು ಗೆರೆಯನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎಲ್ಲ ಸರಿಹೋಯಿತೇ ಎಂದು ಕೇಳಿದರು.

“ಹೋಯ್ತು ಸರ್,” ಎಂದಳು ವಿನ್ಯಾಸಕಿ. “ಇನ್ನು ನೀವು ಇಲ್ಲೀ ತನಕ ಬರೋ ತೊಂದರೆ ಇಲ್ಲ.”

ಅವರು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. ಎಂಜಿನಿಯರ್ ನೆಲ ನೋಡುತ್ತಿದ್ದಳು. ವಿನ್ಯಾಸಕಿ ನೀರು ತರಲೆಂದು ಎದ್ದು ಬಾಗಿಲ ತನಕ ಹೋಗಿದ್ದಳು, ತಿರುಗಿ ನೋಡಿದರೆ ಗೆರೆ ಕೆಂಪಾಗಿತ್ತು. ಸಿಟ್ಟು ನೆತ್ತಿಗೇರಿ ಎಂಜಿನಿಯರಳತ್ತ ನೋಡಿದಳು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಅವಳು ಬೆಪ್ಪಾಗಿ ಪರದೆಯನ್ನೇ ನೋಡುತ್ತಿದ್ದಳು.

ಯಜಮಾನರು ಕೀಬೋರ್ಡಿನಿಂದ ಬೆರಳು ತೆಗೆದು ಮಗಳ ಕಡೆ ತಿರುಗಿ, “ಮತ್ತೆ ಕೆಡ್ತು ನೋಡಮ್ಮ,” ಎಂದರು. “ಮುಂದಿನ ವಾರವೂ ಬರಬೇಕಾಗುತ್ತೆ.”