ಬಾಡಿಗೆ ಕಾರಿನ ಗೀರು

ಆಲೂಗಡ್ಡೆ ಸುಲಿಯುತ್ತಲೇ ಅಸುಂಪ್ಟಾ ಮತ್ತೆ ಕೇಳಿದಳು. "ವಿಮೆಯವರಿಗೆ ಏನಂತ ಬರೀಲಿ, ಫಿಂಟನ್? ಈ ವಾರ ದಾಟಿದ್ರೆ ಅರ್ಜಿ ತಗೊಳ್ಳಲ್ವಂತೆ." ಈಸ್ಟರ್ ರಜೆಯಲ್ಲಿ ಸ್ಪೇನಿನಲ್ಲಿ ಬಾಡಿಗೆ ಕಾರು ಗೋಡೆಗೆ ಉಜ್ಜಿತ್ತು. ರಿಪೇರಿಯ ಮೊದಲ ಸಾವಿರ ಯೂರೋ ಗಿರಾಕಿಯದೇ ಎಂದು ಕಂಪನಿ ಕಾರ್ಡಿನಿಂದ ಮುರಿದುಕೊಂಡಿತ್ತು. ಅದನ್ನು ತುಂಬಿಕೊಡುವ ವಿಮೆಯನ್ನು ಅವಳು ಊರಲ್ಲೇ ಅಗ್ಗಕ್ಕೆ ಮಾಡಿಸಿಯೇ ಹೊರಟಿದ್ದಳು. ಆದರೆ ಏನಾಯಿತೆಂದು ಗಂಡ ಹೇಳಿ ಸಹಿ ಹಾಕಬೇಕಿತ್ತು. ಬೇಸಿಗೆಯೆಲ್ಲ ಇದೇ ಮಾತಾಗಿ ಅವಳಿಗೆ ಸಾಕಾಗಿತ್ತು.

"ಅಲ್ಲಿ ರಸ್ತೆ ಬಲಗಡೆ ಓಡಿಸ್ಬೇಕು, ನಮಗೆ ಎಡಗಡೆ ರೂಢಿ ಅಂತ ಬರಿ. ಐರ್ಲೆಂಡಿನೋರೆಲ್ಲ ಅಲ್ಲಿ ಉಜ್ಜೋರೇ."

"ಅವರೆಲ್ಲ ಹೆಂಡತಿ ಕೂತ ಕಡೆ ಉಜ್ತಾರೆ ಮಾರಾಯ. ನೀನು ಉಜ್ಜಿದ್ದು ಸ್ಟೀರಿಂಗ್ ಇರೋ ಎಡಗಡೆ, ನಿನ್ನ ಭುಜದ ಪಕ್ಕದಲ್ಲೇ."

ಫಿಂಟನ್ ಮೇಜಿನ ಮೇಲಿದ್ದ ವಿಮೆಯ ಕಾಗದ ಎಳೆದುಕೊಂಡು, ಓದಲೆಂದು ಅದನ್ನು ಬಲಗಣ್ಣಿನ ಕಡೆಗೆ ಓರೆಯಾಗಿ ಹಿಡಿದ. ಅವಳ ಕೈಯಲ್ಲಿ ಚಾಕು ನಿಂತುಬಿಟ್ಟಿತು.

"ಎಡಗಣ್ಣಿಗೆ ಗೋಡೆ ಕಾಣ್ಲಿಲ್ಲ ಅಂತ ಬರಿ," ಎಂದ ಅವನು, ದಣಿದ ದನಿಯಲ್ಲಿ. "ದುಡ್ಡು ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ."

"ಹಂಗೆ ಬರೆದ್ಮೇಲೆ ನಿನ್ನ ಲೈಸೆನ್ಸ್ ಉಳಿಯಲ್ಲ. ಬಸ್ಸಿಲ್ಲದ ಊರಲ್ಲಿ ಚರ್ಚಿಗೆ, ಪೇಟೆಗೆ ಯಾರು ಓಡಿಸ್ತಾರೆ?"

"ನೀನೇ ಕಲಿ. ನಲವತ್ತು ವರ್ಷ ಪಕ್ಕದಲ್ಲಿ ಕೂತು ಬೈದಿದ್ದೀಯ, ಇನ್ಮೇಲೆ ನಾನು ಬೈತೀನಿ."

ಅವಳು ಒದ್ದೆ ಕೈ ಒರೆಸಿಕೊಂಡು ಅವನು ಹೇಳಿದಂತೆಯೇ ಬರೆದಳು. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದಳು. ಆಮೇಲೆ ಇಬ್ಬರೂ ಕಾರಿನ ಕೀಲಿ ಮುಟ್ಟದೆ, ರಸ್ತೆಯ ತಿರುವಿನವರೆಗೆ ನಡೆದೇ ಹೋಗಿ, ಹಸಿರು ಅಂಚೆ ಡಬ್ಬಿಗೆ ಕಾಗದ ಹಾಕಿದರು.